ಮೋಡದ ಮೇಲೊಬ್ಬ ಶ್ಯಾನುಭೋಗ

ಕನ್ನಂಬಾಡಿ ಕಟ್ಟೆಯ ನೀರನ್ನೂ ಹೇಮಾವತಿ ನಾಲೆಯ ನೀರನ್ನೂ ನಂಬಿ ಬದುಕುವ ನಮ್ಮ ಜಿಲ್ಲೆಯ ಜನಕ್ಕೆ ಮೋಡವೆಂದರೆ ಏನೆಂದು ಯಾರೂ ಪಾಠ ಹೇಳಬೇಕಾಗಿಲ್ಲ. ಮಲೆನಾಡಿನ ಮೇಲೆ ಮೋಡ ಕವಿದರೆ ಕಟ್ಟೆ ತುಂಬುತ್ತದೆ. ಕಟ್ಟೆ ತುಂಬಿದರೆ ಕಬ್ಬು ಉಳಿಯುತ್ತದೆ. ಕಬ್ಬು ಉಳಿದರೆ ಕಾರ್ಖಾನೆ ಅರೆಯುತ್ತದೆ. ಕಾರ್ಖಾನೆ ಅರೆದರೆ ಕೃಷ್ಣರಾಜಪೇಟೆಯ ಅಂಗಡಿಗಳಲ್ಲಿ ಬರೆದಿಟ್ಟ ಉದ್ರಿ ತೀರುತ್ತದೆ. ಈಗ ದೊಡ್ಡ ಕಂಪನಿಗಳ ಮ್ಯಾನೇಜರುಗಳು ಇನ್ನೊಂದು ಮೋಡದ ಮಾತು ತಂದಿದ್ದಾರೆ. ಇಪ್ಪತ್ತು ವರ್ಷ ಕಂಪನಿಯ ಸ್ವಂತ ಕೊಠಡಿಯಲ್ಲಿ, ಸ್ವಂತ ಯಂತ್ರದಲ್ಲಿ ನಡೆಯುತ್ತಿದ್ದ ಲೆಕ್ಕಪತ್ರದ ಹಳೆಯ ಸಾಫ್ಟ್‌ವೇರನ್ನು ಕಿತ್ತು 'ಕ್ಲೌಡ್'ಗೆ ಸಾಗಿಸಬೇಕಂತೆ. ಇದು ಕಂಪ್ಯೂಟರ್ ವಿಭಾಗದವರ ವಿಷಯ, ಇದರಲ್ಲಿ ಕೂಲಿಕಾರನಿಗೂ ಅಂಗಡಿಯವನಿಗೂ ಏನು ಕೆಲಸ ಎಂದು ಅವರು ಕೇಳುತ್ತಾರೆ.

ಕೆಲಸವಿದೆ ಎಂಬುದೇ ನಮ್ಮ ವಾದ.

ಹಂಗಾಮಿನ ದಿನಗಳಲ್ಲಿ ಮಾಕವಳ್ಳಿಯ ಕೋರಮಂಡಲ್ ಸಕ್ಕರೆ ಕಾರ್ಖಾನೆಯಂಥ ಯಾವುದೇ ಕಾರ್ಖಾನೆಯ ಮುಂದೆ ಒಂದು ಗಳಿಗೆ ನಿಂತು ನೋಡಿ. ಕಬ್ಬಿನ ಲಾರಿ, ಟ್ರ್ಯಾಕ್ಟರುಗಳು ಸಾಲುಗಟ್ಟಿವೆ. ರೈತ ನಾಟಿ ಮಾಡಿದ ತಾರೀಖು ದಾಖಲಾಗಬೇಕು. ಅದರ ಮೇಲೆ ಕಟಾವಿನ ಪರ್ಮಿಟ್ಟು ಬರಬೇಕು. ಗಾಡಿ ತೂಕದ ಯಂತ್ರದ ಮೇಲೆ ಹತ್ತಿ ಇಳಿದು ಚೀಟಿ ಹೊರಬೀಳಬೇಕು. ಕಟಾವಿನ ಕೂಲಿ, ಸಾಗಣೆ ಖರ್ಚು ಕಳೆದು ಉಳಿದ ಹಣ ಬ್ಯಾಂಕಿಗೆ ಹೋಗಬೇಕು. ಒಳಗೆ ಮೂರು ಪಾಳಿಯ ಕಾರ್ಮಿಕರ ಹಾಜರಿ, ಓಟಿ, ಭವಿಷ್ಯನಿಧಿ. ಹಿಂದಿನ ಬಾಗಿಲಲ್ಲಿ ಗೋಣಿಚೀಲ, ಬೇರಿಂಗು, ಬೋಲ್ಟು ನಟ್ಟು, ಸುಣ್ಣ, ಗಂಧಕ ಒದಗಿಸುವ ವರ್ತಕರ ಬಿಲ್ಲುಗಳು. ಮಾಕವಳ್ಳಿಯ ಹೆಸರೆತ್ತಿದ್ದು ಅಲ್ಲಿ ಏನೋ ನಡೆದಿದೆಯೆಂದು ದೂರುವುದಕ್ಕಲ್ಲ. ನಮ್ಮ ಓದುಗರಲ್ಲಿ ಬಹುಮಂದಿಗೆ ಕಣ್ಣೆದುರಿಗಿರುವ ಕಾರ್ಖಾನೆ ಅದು ಎಂಬ ಕಾರಣಕ್ಕೆ. ಇಂಥ ಯಾವ ದೊಡ್ಡ ಉದ್ಯಮದಲ್ಲಿಯೂ ಖರೀದಿ, ದಾಸ್ತಾನು, ಸಂಬಳ, ಮಾರಾಟ, ಜಮಾಖರ್ಚು ಎಲ್ಲವನ್ನೂ ಒಂದೇ ಎಳೆಯಲ್ಲಿ ಪೋಣಿಸುವ ಸಾಫ್ಟ್‌ವೇರು ಇಂದು ಇರುತ್ತದೆ. ಮಾಲೀಕರು ಅದಕ್ಕೆ ಇ.ಆರ್.ಪಿ. ಎನ್ನುತ್ತಾರೆ. ನಾವು ಖಾತೆ ಪುಸ್ತಕ ಎನ್ನುತ್ತೇವೆ. ರೈತನ ಕಬ್ಬು, ಕಾರ್ಮಿಕನ ಬೆವರು, ವರ್ತಕನ ಸಾಲ ಈ ಮೂರೂ ಬರೆದಿರುವುದು ಆ ಒಂದು ಪುಸ್ತಕದಲ್ಲಿ. ಆ ಪುಸ್ತಕ ಕೈಬದಲಾಗುವಾಗ ಅದರಲ್ಲಿ ಹೆಸರಿರುವವರು ಬಾಯಿ ಮುಚ್ಚಿಕೊಂಡಿರಬೇಕೆಂದು ಹೇಳುವುದು ಯಾವ ನ್ಯಾಯ?

ಮೊದಲು ಈ ಮೋಡದ ಮಾಯೆಯನ್ನು ಬಿಡಿಸೋಣ. ಕ್ಲೌಡ್ ಎಂಬುದು ಆಕಾಶದಲ್ಲಿಲ್ಲ. ಅದು ನೆಲದ ಮೇಲೆ ಕಟ್ಟಿದ, ಸಾವಿರಾರು ಕಂಪ್ಯೂಟರುಗಳನ್ನು ತುಂಬಿದ, ಹಗಲಿರುಳು ಕರೆಂಟು ತಿನ್ನುವ ದೊಡ್ಡ ಕಟ್ಟಡ. ಅಮೆಜಾನ್ ಕಂಪನಿ ಇಂಥವನ್ನು 2016ರಲ್ಲಿ ಮುಂಬಯಿಯಲ್ಲೂ 2022ರಲ್ಲಿ ಹೈದರಾಬಾದಿನಲ್ಲೂ ತೆರೆಯಿತು. ಮೈಕ್ರೋಸಾಫ್ಟ್ 2015ರಲ್ಲೇ ಪುಣೆ, ಚೆನ್ನೈ, ಮುಂಬಯಿಗಳಲ್ಲಿ ತೆರೆದಿತ್ತು. ಕಂಪನಿಗಳು ತಮ್ಮ ಯಂತ್ರಗಳನ್ನು ಮಾರಿ ಅಲ್ಲಿ ಬಾಡಿಗೆಗೆ ಜಾಗ ಹಿಡಿಯುತ್ತವೆ. ಇಷ್ಟೇ ಇದರ ಗುಟ್ಟು. ನಮ್ಮ ಪೇಟೆಯ ಅಂಗಡಿಯವರು ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಲಿಯನ್ನು ಒಮ್ಮೆ ಹಣ ಕೊಟ್ಟು ಕೊಂಡು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದಾರಲ್ಲ, ಅದು ಸ್ವಂತ ಮನೆ. ಕ್ಲೌಡ್ ಬಾಡಿಗೆ ಮನೆ. ಬಾಡಿಗೆ ಏರಿಸುವವನು ಮನೆಯೊಡೆಯ.

ಕಂಪನಿಗಳು ತಾವಾಗಿಯೇ ಈ ಬಾಡಿಗೆ ಮನೆಗೆ ಓಡುತ್ತಿವೆಯೆಂದು ತಿಳಿಯಬೇಡಿ. ಅವರನ್ನೂ ಅಟ್ಟುವವರಿದ್ದಾರೆ. ಜಗತ್ತಿನ ದೊಡ್ಡ ಕಂಪನಿಗಳಲ್ಲಿ ಬಹುಪಾಲು ಬಳಸುವುದು ಜರ್ಮನಿಯ ಎಸ್‌ಎಪಿ ಎಂಬ ಸಂಸ್ಥೆಯ ಖಾತೆ ಪುಸ್ತಕವನ್ನು. 1972ರಲ್ಲಿ ಐ.ಬಿ.ಎಂ. ಬಿಟ್ಟುಬಂದ ಐವರು ಇಂಜಿನಿಯರುಗಳು ಕಟ್ಟಿದ ಸಂಸ್ಥೆ ಅದು. ತನ್ನ ಹಳೆಯ ಸಾಫ್ಟ್‌ವೇರಿಗೆ ಎಂದಿನ ದುರಸ್ತಿ ಸೇವೆ 2027ರ ಕೊನೆಗೆ ಮುಗಿಯುತ್ತದೆ, ಹೆಚ್ಚು ಹಣ ತೆತ್ತವರಿಗೆ 2030ರ ತನಕ ಸಿಗುತ್ತದೆ ಎಂದು ಅದು 2020ರಲ್ಲಿ ಸಾರಿತು. 2021ರ ಜನವರಿಯಲ್ಲಿ ಕ್ಲೌಡ್‌ಗೆ ಬನ್ನಿರೆಂದು ಹೊಸ ಬಾಡಿಗೆ ಕರಾರನ್ನು ಮುಂದಿಟ್ಟಿತು. ಓಡುತ್ತಿರುವ ಗಾಣವನ್ನು 'ಇದು ಹಳತಾಯಿತು, ಇನ್ನು ಎಣ್ಣೆ ಹಾಕುವುದಿಲ್ಲ' ಎಂದು ಮಾರಿದವನೇ ಹೇಳಿದರೆ ಕೊಂಡವನ ಪಾಡೇನು? ಹಳೆಯ ಸಾಫ್ಟ್‌ವೇರಿನ ದುರಸ್ತಿ ವಿಷಯದಲ್ಲಿ ಈ ಸಂಸ್ಥೆ ಗಿರಾಕಿಗಳ ಕೈ ಕಟ್ಟುತ್ತಿದೆಯೇ ಎಂದು ಐರೋಪ್ಯ ಆಯೋಗವೇ 2025ರ ಸೆಪ್ಟೆಂಬರಿನಲ್ಲಿ ವಿಚಾರಣೆ ಆರಂಭಿಸಿತು. ಎಂದರೆ ಬಂಡವಾಳಗಾರರ ಊರಿನಲ್ಲೇ ಈ ಗೊಣಗಾಟವಿದೆ. ಸಮಾಜವಾದಿಗಳು ಮಾತ್ರ ಕಲ್ಪಿಸಿಕೊಂಡದ್ದಲ್ಲ.

ಈ ಬಾಡಿಗೆಯ ಕಥೆ ನಮ್ಮ ದೇಶಕ್ಕೆ ಹೊಸದೂ ಅಲ್ಲ. 1960ರ, 70ರ ದಶಕಗಳಲ್ಲಿ ಐ.ಬಿ.ಎಂ. ಕಂಪನಿ ಹೊರದೇಶಗಳಲ್ಲಿ ಹಳತಾದ ಯಂತ್ರಗಳನ್ನು ಇಲ್ಲಿ ರಿಪೇರಿ ಮಾಡಿ ನಮ್ಮ ಸಂಸ್ಥೆಗಳಿಗೆ ಬಾಡಿಗೆಗೆ ಕೊಡುತ್ತಿತ್ತು. ಜನತಾ ಸರ್ಕಾರದಲ್ಲಿ ಕೈಗಾರಿಕಾ ಮಂತ್ರಿಯಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ, ಕಾರ್ಮಿಕ ಚಳವಳಿಯಲ್ಲಿ ಬೆಳೆದ ಜಾರ್ಜ್ ಫರ್ನಾಂಡಿಸ್. ವಿದೇಶಿ ಪಾಲನ್ನು ಶೇ. 40ಕ್ಕೆ ಇಳಿಸಬೇಕೆಂಬ 1973ರ ಕಾಯ್ದೆಗೆ ತಲೆಬಾಗಲು ಆ ಕಂಪನಿ ಒಪ್ಪಲಿಲ್ಲ. 1978ರಲ್ಲಿ ಗಂಟುಮೂಟೆ ಕಟ್ಟಿತು. ದೇಶದ ಕಂಪ್ಯೂಟರುಗಳು ನಿಂತುಹೋಗುತ್ತವೆಂದು ಆಗ ಬೆದರಿಸಿದವರಿದ್ದರು. ನಿಲ್ಲಲಿಲ್ಲ. ಸಿ.ಎಂ.ಸಿ. ಎಂಬ ಸರ್ಕಾರಿ ಸಂಸ್ಥೆಯ ನಮ್ಮವರೇ ಆ ಯಂತ್ರಗಳನ್ನು ನಡೆಸಿಕೊಂಡು ಹೋದರು. ಮುಂದೆ 1992ರಲ್ಲಿ ಐ.ಬಿ.ಎಂ. ಟಾಟಾ ಜೊತೆಗೂಡಿ ಮರಳಿತು, 2001ರಲ್ಲಿ ಸಿ.ಎಂ.ಸಿ.ಯನ್ನು ಸರ್ಕಾರ ಅದೇ ಟಾಟಾ ಬಳಗಕ್ಕೆ ಮಾರಿತು. ಕಟ್ಟಿದ್ದನ್ನು ಮಾರಿದವರು ಯಾರೆಂಬ ಚರ್ಚೆ ಇನ್ನೊಂದು ಸಂಚಿಕೆಗಿರಲಿ. ಅಂದು ಯಂತ್ರವೊಂದೇ ಬಾಡಿಗೆಯದಾಗಿತ್ತು, ಲೆಕ್ಕ ನಮ್ಮ ಕೊಠಡಿಯಲ್ಲಿತ್ತು. ಇಂದು ಯಂತ್ರ, ಸಾಫ್ಟ್‌ವೇರು, ಲೆಕ್ಕ ಮೂರೂ ಬೇರೆಯವರ ಕಟ್ಟಡದಲ್ಲಿ.

ನಾವು ಕಂಪ್ಯೂಟರ್ ಒಡೆಯಿರಿ ಎನ್ನುವ ಪಂಗಡದವರಲ್ಲ. ಎಪ್ಪತ್ತು ವರ್ಷದ ಹಿಂದಿನ ಯಂತ್ರವನ್ನೇ ಅಪ್ಪಿಕೊಂಡು ಕೂರಬೇಕೆಂದೂ ಹೇಳುವುದಿಲ್ಲ. ಹಳೆಯ ಸಾಫ್ಟ್‌ವೇರು ತಿಳಿದಿದ್ದ ಗುಮಾಸ್ತರು ನಿವೃತ್ತರಾಗಿದ್ದಾರೆ. ಯಂತ್ರ ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ. ಕಳ್ಳರು ದೂರದಿಂದಲೇ ನುಗ್ಗುತ್ತಾರೆ. ಇವು ನಿಜವಾದ ತೊಂದರೆಗಳು. ಹೊಸದು ಬರಲಿ. ಆದರೆ ಹೊಸದು ಬರುವಾಗ ಹಳೆಯದರೊಳಗೆ ಏನಿತ್ತೆಂದು ಕೇಳುವ ಹಕ್ಕು ನಮಗಿದೆ. ಇಲ್ಲೇ ನಮ್ಮ ವಾದದ ತಿರುಳು.

ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿ ಕಾರ್ಮಿಕರಿಗೆ ಅರೆಯುವ ಕಾಲ ಮುಗಿದ ಮೇಲೂ, ಮುಂದಿನ ಹಂಗಾಮಿಗೆ ಮರಳಿ ಬರಲೆಂದು, ಸಂಬಳದ ಒಂದು ಪಾಲನ್ನು ಕೊಡುವ ಪದ್ಧತಿಯಿದೆ. ರಿಟೈನಿಂಗ್ ಅಲೋಯೆನ್ಸ್ ಎಂದು ಅದನ್ನು ಕರೆಯುತ್ತಾರೆ. ಅದು ಮಾಲೀಕರ ದಾನವಲ್ಲ. 1957ರಲ್ಲಿ ನೇಮಕವಾದ ಸಕ್ಕರೆ ಉದ್ಯಮದ ವೇತನ ಮಂಡಳಿಯ ಕಾಲದಿಂದ ಕಾರ್ಮಿಕರು ವಾದಿಸಿ, ಧರಣಿ ಕೂತು ಉಳಿಸಿಕೊಂಡ ಹಕ್ಕು. ಜರ್ಮನಿಯಲ್ಲಿ ಬರೆದ ಸಾಫ್ಟ್‌ವೇರಿಗೆ ಇದು ಗೊತ್ತಿರುತ್ತದೆಯೇ? ಇರುವುದಿಲ್ಲ. ಆದ್ದರಿಂದ ಕಾರ್ಖಾನೆಯ ಯಾರೋ ಒಬ್ಬ ಹುಡುಗ ಹಳೆಯ ಸಾಫ್ಟ್‌ವೇರಿನೊಳಗೆ ಇದಕ್ಕೆಂದೇ ಪ್ರತ್ಯೇಕ ಸಾಲುಗಳನ್ನು ಬರೆದಿರುತ್ತಾನೆ. ಹಬ್ಬದ ಮುಂಗಡವನ್ನು ಹತ್ತು ಕಂತಿನಲ್ಲಿ ಹಿಡಿಯಬೇಕೆಂಬ ಒಪ್ಪಂದಕ್ಕೆ ಇನ್ನಷ್ಟು ಸಾಲು. ರಾತ್ರಿ ಪಾಳಿಯ ಭತ್ಯೆಗೆ ಇನ್ನಷ್ಟು. ಮಾಲೀಕರು 'ಹಳೆಯ ಕಸ' ಎನ್ನುವ ಆ ಸಾಲುಗಳಲ್ಲಿ ಯೂನಿಯನ್ನಿನ ಐವತ್ತು ವರ್ಷದ ಇತಿಹಾಸವಿದೆ.

ಕ್ಲೌಡ್‌ಗೆ ಸಾಗಿಸುವ ಕನ್ಸಲ್ಟೆಂಟರು ಬಂದು ಮೊದಲು ಹೇಳುವ ಮಾತೇ ಈ ಸ್ಥಳೀಯ ಸಾಲುಗಳನ್ನೆಲ್ಲ ತೆಗೆದುಹಾಕಿ, ಜಗತ್ತಿಗೆಲ್ಲ ಒಂದೇ ಆಗಿರುವ ಕ್ರಮಕ್ಕೆ ಬನ್ನಿ ಎಂಬುದು. ತಿರುಳನ್ನು ಚೊಕ್ಕಟ ಮಾಡುವುದು ಎಂದು ಅವರು ಇದಕ್ಕೆ ಹೆಸರಿಟ್ಟಿದ್ದಾರೆ. ಅವರ ದೃಷ್ಟಿಯಲ್ಲಿ ಅದಕ್ಕೆ ಕಾರಣವೂ ಇದೆ: ಬಾಡಿಗೆ ಮನೆಯೊಡೆಯ ವರ್ಷವರ್ಷ ಗೋಡೆ ಬದಲಾಯಿಸುತ್ತಾನೆ, ಬಾಡಿಗೆದಾರ ಹೊಡೆದ ಮೊಳೆಗಳು ಅಡ್ಡ ಬರುತ್ತವೆ. ಆದರೆ ಯಾವ ಮೊಳೆಗೆ ಯಾರ ಅನ್ನ ತೂಗುಹಾಕಿದೆ ಎಂದು ಕೇಳುವವರು ಆ ಸಭೆಯಲ್ಲಿ ಯಾರಿದ್ದಾರೆ? ಒಪ್ಪಂದವನ್ನು ಮುರಿದೆವೆಂದು ಯಾರೂ ಘೋಷಿಸುವುದಿಲ್ಲ. ಹೊಸ ಸಿಸ್ಟಂನಲ್ಲಿ ಅದಕ್ಕೆ ಖಾನೆ ಇಲ್ಲ ಎನ್ನುತ್ತಾರೆ, ಮುಗಿಯಿತು. ಲಾಕೌಟು ಹಾಕದೆ, ಪೊಲೀಸರನ್ನು ಕರೆಯದೆ ಹಕ್ಕೊಂದು ಮಾಯವಾಗುವ ಉಪಾಯ ಇದು.

ಇದು ಕೇವಲ ಊಹೆಯೆನ್ನುವವರಿಗೆ ನಮ್ಮ ಕಚೇರಿಯ ಮೆಟ್ಟಿಲು ಹತ್ತಿಬಂದ ಒಂದು ಸಂಗತಿ. ಕಾರ್ಖಾನೆಯ ಹೆಸರು ಬೇಡ, ವರ್ತಕರ ಹೆಸರೂ ಬೇಡ. ಹಗ್ಗ, ಗ್ರೀಸು, ಪಟ್ಟೆ ಬೆಲ್ಟು ಒದಗಿಸುವ ಸಣ್ಣ ಅಂಗಡಿಯವರು. ಹದಿನೆಂಟು ವರ್ಷದ ವ್ಯವಹಾರ. ಹೊಸ ಸಿಸ್ಟಂ ಬಂದ ತಿಂಗಳು ಇವರ ಸಂಖ್ಯೆ ಹಳೆಯದರಿಂದ ಹೊಸದಕ್ಕೆ ದಾಟಲಿಲ್ಲ. ಲೆಕ್ಕದ ಕೊಠಡಿಗೆ ಹೋದರೆ ಅಲ್ಲಿನ ಹುಡುಗ, 'ಏನ್ ಮಾಡ್ಲಿ ಕಣಣ್ಣ, ಸಿಸ್ಟಂನಾಗೆ ನಿಮ್ ಹೆಸ್ರೇ ಬತ್ತಿಲ್ಲ' ಎಂದ. ಮಾಲು ಗೋದಾಮಿನಲ್ಲಿದೆ, ಸಹಿ ಮಾಡಿದ ಚೀಟಿ ಇವರ ಜೇಬಿನಲ್ಲಿದೆ, ಆದರೆ ಮನುಷ್ಯನೇ ಇಲ್ಲ! ಐದು ತಿಂಗಳು ತಿರುಗಿದರು. ಆ ಐದು ತಿಂಗಳ ಬಡ್ಡಿಯನ್ನು ಕಟ್ಟಿದ್ದು ಅವರ ಹೆಂಡತಿಯ ಓಲೆ. ಆ ಹುಡುಗನ ಮೇಲೆ ನಮಗೆ ಕೋಪವಿಲ್ಲ. ಅವನೂ ಗುತ್ತಿಗೆಯವನು, ಅವನ ಹೆಸರು ಎಷ್ಟು ದಿನ ಸಿಸ್ಟಂನಲ್ಲಿರುತ್ತದೋ ಅವನಿಗೂ ತಿಳಿಯದು.

ಇಂಥದು ದೊಡ್ಡವರ ಮನೆಗಳಲ್ಲೂ ನಡೆದಿದೆ. ಅಮೆರಿಕದ ಹರ್ಷೆ ಚಾಕೊಲೇಟ್ ಕಂಪನಿ 1999ರಲ್ಲಿ ಹೊಸ ಸಾಫ್ಟ್‌ವೇರಿಗೆ ಅವಸರದಿಂದ ದಾಟಿ, ಹಬ್ಬದ ಕಾಲಕ್ಕೆ ಗೋದಾಮಿನಲ್ಲಿ ಮಿಠಾಯಿ ರಾಶಿ ಬಿದ್ದಿದ್ದರೂ ಅಂಗಡಿಗಳಿಗೆ ಕಳಿಸಲಾರದೆ ಕೂತಿತು. ಇಂಗ್ಲೆಂಡಿನ ಟಿ.ಎಸ್.ಬಿ. ಬ್ಯಾಂಕು 2018ರ ಏಪ್ರಿಲಿನಲ್ಲಿ ಒಂದು ವಾರದ ಕೊನೆಯಲ್ಲಿ ಖಾತೆಗಳನ್ನೆಲ್ಲ ಹೊಸ ಸಿಸ್ಟಂಗೆ ಸಾಗಿಸಿದಾಗ 19 ಲಕ್ಷ ಗಿರಾಕಿಗಳು ತಮ್ಮ ಹಣ ತಾವೇ ಮುಟ್ಟಲಾರದೆ ಹೊರಗೆ ನಿಂತರು. 2022ರಲ್ಲಿ ಆ ಬ್ಯಾಂಕಿಗೆ 4 ಕೋಟಿ 86 ಲಕ್ಷ ಪೌಂಡು ದಂಡ ಬಿತ್ತು. ಅದೇ ದೇಶದ ಅಂಚೆ ಇಲಾಖೆಯ ಕಥೆ ಇನ್ನೂ ಘೋರ. ಹಳ್ಳಿಯಲ್ಲಿ ಅಂಗಡಿಯ ಜೊತೆಗೆ ಅಂಚೆಕಚೇರಿ ನಡೆಸುವ ನಮ್ಮಂಥವರೇ ಸಣ್ಣ ಜನ. ಹೊರೈಜನ್ ಎಂಬ ಕಂಪ್ಯೂಟರ್ ಲೆಕ್ಕ ಬಂದಮೇಲೆ ಇವರ ಪೆಟ್ಟಿಗೆಯಲ್ಲಿ ಹಣ ಕಡಿಮೆಯಿದೆ ಎಂದು ಅದು ತೋರಿಸತೊಡಗಿತು. ಕಂಪ್ಯೂಟರ್ ತಪ್ಪುವುದಿಲ್ಲ, ನೀನೇ ಕಳ್ಳ ಎಂದರು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಮಂದಿಗೆ ಕಳ್ಳತನದ, ಮೋಸದ, ಸುಳ್ಳು ಲೆಕ್ಕದ ಶಿಕ್ಷೆಯಾಯಿತು. ಕೆಲವರು ಜೀವ ಕಳೆದುಕೊಂಡರು. ಸಾಫ್ಟ್‌ವೇರೇ ತಪ್ಪು ಮಾಡಿತ್ತೆಂದು ಒಪ್ಪಿ ಆ ಶಿಕ್ಷೆಗಳನ್ನು ರದ್ದುಮಾಡಲು ಪಾರ್ಲಿಮೆಂಟು 2024ರಲ್ಲಿ ಕಾನೂನೇ ಮಾಡಬೇಕಾಯಿತು. ಕೌಂಟರಿನಲ್ಲಿ ಕೂತವನ ಕೈಯಲ್ಲಿ ಆ ಕೇಂದ್ರದ ಲೆಕ್ಕವನ್ನು ಪರೀಕ್ಷಿಸುವ ದಾರಿ ಇರಲಿಲ್ಲ. ಇದ್ದಿದ್ದರೆ ಈ ಅನಾಹುತ ಇಷ್ಟು ವರ್ಷ ಬೆಳೆಯುತ್ತಿರಲಿಲ್ಲ.

ನಮ್ಮ ದೇಶದ್ದೇ ಒಂದು ಉದಾಹರಣೆ ಬೇಕೆ? ಗುಜರಾತಿನ ವಾಡಿನಾರಿನಲ್ಲಿ ನಯಾರಾ ಎಂಬ ಎಣ್ಣೆ ಶುದ್ಧೀಕರಣ ಕಾರ್ಖಾನೆಯಿದೆ. ಅದರಲ್ಲಿ ರಷ್ಯದ ಕಂಪನಿಯ ಪಾಲೂ ಇದೆ. 2025ರ ಜುಲೈ 18ರಂದು ಐರೋಪ್ಯ ಒಕ್ಕೂಟ ಅದರ ಮೇಲೆ ನಿರ್ಬಂಧ ಹೇರಿತು. ಭಾರತ ಆ ನಿರ್ಬಂಧವನ್ನು ಒಪ್ಪಿರಲಿಲ್ಲ. ಆದರೂ ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯ ಮಿಂಚಂಚೆಯನ್ನೂ, ಕ್ಲೌಡ್‌ನಲ್ಲಿದ್ದ ಅದರ ಸ್ವಂತ ದಾಖಲೆಗಳನ್ನೂ ಮುಟ್ಟದಂತೆ ಮಾಡಿತು. ಬಾಡಿಗೆ ಪೂರಾ ಕಟ್ಟಿದ್ದರೂ ಬೀಗ ಬಿತ್ತು. ದೆಹಲಿ ಹೈಕೋರ್ಟಿಗೆ ಹೋದಮೇಲೆ ತಿಂಗಳ ಕೊನೆಗೆ ಬೀಗ ತೆಗೆದರು. ದೇಶದಲ್ಲಿ 6,000ಕ್ಕೂ ಹೆಚ್ಚು ಪೆಟ್ರೋಲ್ ಬಂಕುಗಳಿರುವ ಕಂಪನಿಗೇ ಈ ಗತಿ. ಅದಕ್ಕೆ ಹೈಕೋರ್ಟಿನಲ್ಲಿ ವಾದಿಸಲು ದೊಡ್ಡ ವಕೀಲರಿದ್ದರು. ತೂಕದ ಚೀಟಿ ಹಿಡಿದ ರೈತನಿಗೆ ಯಾರಿದ್ದಾರೆ?

ಹಿಂದೆ ನಮ್ಮ ಹಳ್ಳಿಗಳಲ್ಲಿ ಶ್ಯಾನುಭೋಗರಿದ್ದರು. ಅವರಲ್ಲಿ ಒಳ್ಳೆಯವರೂ ಇದ್ದರು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವರ ಶಕ್ತಿ ಇದ್ದದ್ದು ಜಮೀನಿನಲ್ಲಲ್ಲ, ಪುಸ್ತಕದಲ್ಲಿ. ಯಾರ ಹೆಸರಿನಲ್ಲಿ ಎಷ್ಟು ಗುಂಟೆ ಎಂಬುದು ಅವರ ಕಂತೆಯೊಳಗಿತ್ತು. ಅದನ್ನು ಬಿಚ್ಚಿ ತೋರಿಸಲು ರೈತ ಕೈಮುಗಿದು ಜಗಲಿಯ ಕೆಳಗೆ ನಿಲ್ಲಬೇಕಾಗಿತ್ತು. 1961ರ ಕಾಯ್ದೆಯಿಂದ ಆ ವಂಶಪಾರಂಪರ್ಯದ ಹುದ್ದೆ ರದ್ದಾಯಿತು. ಮುಂದೆ 'ಭೂಮಿ' ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದವು. ಅದರಲ್ಲೂ ತಪ್ಪುಗಳು ನುಸುಳಿದವು, ತಿದ್ದುಪಡಿಗಾಗಿ ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರು ನಮ್ಮ ಓದುಗರಲ್ಲೇ ಇದ್ದಾರೆ. ಆದರೆ ಒಂದು ನ್ಯಾಯ ಅದರಲ್ಲಿತ್ತು: 15 ರೂಪಾಯಿ ಕೊಟ್ಟರೆ ಯಾರ ಪಹಣಿಯನ್ನಾದರೂ ಕಾಗದದ ಮೇಲೆ ಪಡೆಯಬಹುದಾಗಿತ್ತು. ತಪ್ಪಿದ್ದರೆ ತೋರಿಸಲು ಕೈಯಲ್ಲೊಂದು ಹಾಳೆ ಇರುತ್ತಿತ್ತು. ಕಂಪನಿಗಳ ಮೋಡದ ಶ್ಯಾನುಭೋಗನ ಬಳಿ ಆ ಜಗಲಿಯೂ ಇಲ್ಲ. ಎಲ್ಲಿ ಹೋಗಿ ನಿಲ್ಲಬೇಕು?

ಕಾನೂನು ಏನೆನ್ನುತ್ತದೆ? ಕಂಪನಿಯ ಲೆಕ್ಕ ಕಂಪ್ಯೂಟರಿನಲ್ಲಿದ್ದರೆ ಅದರ ನಕಲನ್ನು ಪ್ರತಿದಿನವೂ ಭಾರತದೊಳಗಿರುವ ಯಂತ್ರದಲ್ಲಿ ಇಡಬೇಕೆಂದು 2022ರ ಆಗಸ್ಟಿನಲ್ಲಿ ಕಂಪನಿ ಲೆಕ್ಕಪತ್ರ ನಿಯಮಗಳಿಗೆ ತಿದ್ದುಪಡಿಯಾಗಿದೆ. ಒಳ್ಳೆಯ ನಿಯಮ. ಆದರೆ ಅದು ಸರ್ಕಾರ ನೋಡುವುದಕ್ಕಾಗಿ; ಆ ಲೆಕ್ಕದಲ್ಲಿ ಹೆಸರಿರುವ ನಮಗಾಗಿ ಅಲ್ಲ. ಕಬ್ಬಿನ ಹಣವನ್ನು 14 ದಿನದೊಳಗೆ ಕೊಡಬೇಕು, ತಡವಾದರೆ ಶೇ. 15 ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆಜ್ಞೆ ಹೇಳುತ್ತದೆ. ಸಿಸ್ಟಂ ಬದಲಾಗುತ್ತಿದ್ದರೆ ಕೊಡಬೇಕಿಲ್ಲ ಎಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಕೈಸೇರಬೇಕೆಂಬುದೂ ಹಾಗೆಯೇ. ಸಣ್ಣ ತಯಾರಕರಿಗೆ 45 ದಿನದೊಳಗೆ ಹಣ ಸಲ್ಲಬೇಕೆಂದು 2006ರ ಕಾಯ್ದೆಯಿದೆ. ಆದರೆ ಕೊಂಡು ಮಾರುವ ವರ್ತಕನನ್ನು ಆ ರಕ್ಷಣೆಯ ಹೊರಗೆ ಇಟ್ಟಿದ್ದಾರೆ. 2021ರಲ್ಲಿ ಅವನಿಗೆ ಕೊಟ್ಟದ್ದು ಬ್ಯಾಂಕ್ ಸಾಲದ ಅನುಕೂಲ ಮಾತ್ರ. ಮೇಲೆ ಹೇಳಿದ ಬೆಲ್ಟಿನ ಅಂಗಡಿಯವರಿಗೆ ಇದು ಗೊತ್ತಾದದ್ದು ಐದನೆಯ ತಿಂಗಳಲ್ಲಿ.

ಕಾರ್ಮಿಕರಿಗೆ ಮುಖ್ಯವಾದದ್ದು ಇನ್ನೊಂದಿದೆ. ನೌಕರಿ ಕಡಿತಕ್ಕೆ ದಾರಿಯಾಗಬಹುದಾದ ಯಂತ್ರ ಸುಧಾರಣೆ, ಕೆಲಸದ ಕ್ರಮದ ಬದಲಾವಣೆ ಮಾಡುವ ಮುನ್ನ 21 ದಿನದ ನೋಟೀಸು ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿತ್ತು. ಆ ಕಾಯ್ದೆ 2025ರ ನವೆಂಬರ್ 21ರಂದು ಹೋಗಿ ಕೈಗಾರಿಕಾ ಸಂಬಂಧ ಸಂಹಿತೆ ಜಾರಿಗೆ ಬಂದಿದೆ. ಕಾರ್ಮಿಕರ ಕತ್ತು ಹಿಸುಕುವ ಅಂಶಗಳು ಅದರಲ್ಲಿ ಸಾಕಷ್ಟಿವೆ. ಮೊದಲು 100 ಮಂದಿ ಇದ್ದಲ್ಲಿ ವಜಾಕ್ಕೆ ಸರ್ಕಾರದ ಅನುಮತಿ ಬೇಕಾಗಿತ್ತು, ಈಗ 300 ಮಂದಿ ಇರಬೇಕು. ಆದರೆ ಆ 21 ದಿನದ ನೋಟೀಸು ಇನ್ನೂ ಉಳಿದಿದೆ, 40ನೆಯ ಕಲಮಿನಲ್ಲಿ. ಲೆಕ್ಕದ ಕೊಠಡಿ, ಹಾಜರಿ ಕೊಠಡಿ, ಗೋದಾಮಿನ ಗುಮಾಸ್ತರ ಕೆಲಸ ಅಳಿಯುವಂಥ ಕ್ಲೌಡ್ ಸಾಗಣೆಗೆ ಇದು ಅನ್ವಯಿಸುತ್ತದೆಂದೇ ನಮ್ಮ ಅಭಿಪ್ರಾಯ. ಇದು ಬರೀ ತಾಂತ್ರಿಕ ವಿಷಯ ಎಂದು ಆಡಳಿತದವರು ನುಣುಚಿಕೊಂಡರೆ ಯೂನಿಯನ್ನಿನವರು ಈ ಕಲಮನ್ನು ಅವರ ಮುಂದಿಡಬೇಕು.

ನೋಟೀಸು ಕೈಗೆ ಬಂದಮೇಲೆ ಕೇಳುವುದೇನು? ಹೊಸದೂ ಹಳೆಯದೂ ಒಂದು ಪೂರಾ ಹಂಗಾಮು ಜೊತೆಯಾಗಿ ನಡೆಯಬೇಕು. ಎರಡರ ಲೆಕ್ಕ ತಾಳೆಯಾದ ಮೇಲೆಯೇ ಹಳೆಯದಕ್ಕೆ ಬೀಗ. ಒಪ್ಪಂದಗಳಿಂದ ಬಂದ ಪ್ರತಿಯೊಂದು ಭತ್ಯೆ, ಮುಂಗಡ, ರಜೆ ಹೊಸದರಲ್ಲಿ ಎಲ್ಲಿ ಕೂತಿದೆಯೆಂದು ಯೂನಿಯನ್ನಿನ ಎದುರು ತೆರೆದು ತೋರಿಸಬೇಕು. ತೂಕದ ಚೀಟಿ, ಸಂಬಳದ ಚೀಟಿ, ಮಾಲು ಸೇರಿದ ಚೀಟಿ ಕಾಗದದ ಮೇಲೆ, ಕನ್ನಡದಲ್ಲಿ ಸಿಗಬೇಕು. ಯಂತ್ರಕ್ಕೂ ಚೀಟಿಗೂ ವ್ಯತ್ಯಾಸ ಬಂದರೆ ಚೀಟಿಯನ್ನು ನಂಬಬೇಕು, ತಪ್ಪನ್ನು ಸಾಬೀತುಮಾಡುವ ಹೊಣೆ ಕಂಪನಿಯದು. ಬಾಡಿಗೆ ಕರಾರು ಮುರಿದರೆ ಲೆಕ್ಕವನ್ನೆಲ್ಲ ಎಷ್ಟು ದಿನದಲ್ಲಿ ಹಿಂದಕ್ಕೆ ತರುತ್ತೀರಿ ಎಂಬುದನ್ನೂ ಕೇಳಿ. ಈ ಕೊನೆಯ ಪ್ರಶ್ನೆಗೆ ಮ್ಯಾನೇಜರುಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನಯಾರಾದವರೂ ಮೊದಲೇ ಕೇಳಿಕೊಂಡಿರಲಿಕ್ಕಿಲ್ಲ.

ಕೃಷ್ಣರಾಜಪೇಟೆ, ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣದ ಕಡೆಯ ಕಾರ್ಮಿಕ ಬಂಧುಗಳಲ್ಲಿ ಯಾರಿಗಾದರೂ ಇಂಥ ನೋಟೀಸು ಬಂದಿದ್ದರೆ, ಅಥವಾ ನೋಟೀಸೇ ಇಲ್ಲದೆ ಹಾಜರಿ ಪುಸ್ತಕ ಮಾಯವಾಗಿದ್ದರೆ, ಅದರ ಪ್ರತಿಯನ್ನೋ ವಿವರವನ್ನೋ ನಮ್ಮ ಕಚೇರಿಗೆ ತಲುಪಿಸಬೇಕು. 'ಸಿಸ್ಟಂನಾಗೆ ಬತ್ತಿಲ್ಲ' ಎಂಬ ಉತ್ತರ ಕೇಳಿ ಮರಳಿದ ವರ್ತಕರೂ ತಮ್ಮ ಬಿಲ್ಲಿನ ತಾರೀಖು, ಮೊಬಲಗು ಬರೆದು ಕಳಿಸಲಿ. ಹೆಸರು ಅಚ್ಚು ಮಾಡುವುದಿಲ್ಲ. ಮೂಲ ಚೀಟಿಯನ್ನು ಮಾತ್ರ ಯಾರಿಗೂ, ನಮಗೂ ಕೂಡ, ಕೊಡಬೇಡಿ, ಜೆರಾಕ್ಸು ಸಾಕು.